ಹಂದಿಯ ಕಿಡ್ನಿ ಮುಸ್ಲಿಮರಿಗೆ ಸಲ್ಲುತ್ತದಾ? ಬರೀ ಹರಾಂ-ಹಲಾಲ್ ಅಂದರೆ ಉತ್ತರ ಮುಗಿಯುವುದಿಲ್ಲ

ಹಂದಿಯ ಕಿಡ್ನಿಯನ್ನು ಮನುಷ್ಯನಿಗೆ ಕಸಿ ಮಾಡಿದ ಸುದ್ದಿ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿದೆ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಕ್ಲಿನಿಕಲ್ ಟ್ರಯಲ್‌ಗೆ ಒಪ್ಪಿಗೆ ಕೊಟ್ಟಿತು. ಮೊದಲು 6 ರೋಗಿಗಳು, ಎಲ್ಲ ಸರಿಹೋದರೆ 50ರವರೆಗೆ. ಅಂದರೆ ಸಾವಿನ ಅಂಚಿನಲ್ಲಿರುವ ಒಬ್ಬಿಬ್ಬರಿಗೆ ವಿಶೇಷ ಅನುಮತಿ ಪಡೆದು ಮಾಡುತ್ತಿದ್ದದ್ದು ಈಗ ಕ್ರಮಬದ್ಧವಾಗಿ ಪರೀಕ್ಷೆಯಾಗುವ ಚಿಕಿತ್ಸೆಯಾಗಿದೆ.

ಪ್ರತಿ ಸಲ ಈ ಸುದ್ದಿ ಬಂದಾಗ ಮುಸ್ಲಿಮರಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಹಂದಿ ಹರಾಂ. ಹಾಗಾದರೆ ಅದರ ಕಿಡ್ನಿ? ಒಬ್ಬರು ಹರಾಂ ಅಂದ್ರೆ ಹರಾಂ, ಮಾತೇ ಇಲ್ಲ ಅನ್ನುತ್ತಾರೆ. ಇನ್ನೊಬ್ಬರು ಜೀವ ಉಳಿಸೋಕೆ ಎಲ್ಲ ಸಲ್ಲುತ್ತದೆ ಅನ್ನುತ್ತಾರೆ. ಎರಡರಲ್ಲೂ ಸತ್ಯದ ಒಂದೊಂದು ತುಂಡು ಇದೆ, ಎರಡೂ ಪೂರ್ತಿ ಅಲ್ಲ. ಕಿಡ್ನಿ ಕೆಟ್ಟ ಮಗನ ಪಕ್ಕ ಕೂತ ತಾಯಿಗೆ ಈ ಅರ್ಧ ಉತ್ತರಗಳಿಂದ ಏನೂ ಸಿಗುವುದಿಲ್ಲ.

ನನ್ನ ವಾದ ಇಷ್ಟು. ಇಲ್ಲಿ ಹಂದಿ ನಿಜವಾದ ಕಗ್ಗಂಟು ಅಲ್ಲ. ಆ ಪ್ರಶ್ನೆಗೆ ಇಸ್ಲಾಮಿ ಕಾನೂನು ಶಾಸ್ತ್ರ, ಅಂದರೆ ಫಿಕ್ಹ್, ಬಹಳ ಹಿಂದೆಯೇ ದಾರಿ ತೋರಿಸಿದೆ. ಕಗ್ಗಂಟು ಇರುವುದು ಬೇರೆ ಕಡೆ: ಯಾವುದನ್ನು ಅನಿವಾರ್ಯ ಅನ್ನಬೇಕು, ಮತ್ತು ಮನುಷ್ಯರೇ ಮನುಷ್ಯರಿಗೆ ಅಂಗ ಕೊಡುವ ವಿಷಯದಲ್ಲಿ ನಾವು ಎಲ್ಲಿ ನಿಂತಿದ್ದೇವೆ.

ವೈದ್ಯಕೀಯವಾಗಿ ಆಗಿದ್ದೇನು

ಎಲ್ಲದರ ಮೂಲ ಅಂಗಾಂಗಗಳ ಕೊರತೆ. ಅಮೆರಿಕ ಒಂದರಲ್ಲೇ ಕಾಯುವವರ ಪಟ್ಟಿಯಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ, ಅವರಲ್ಲಿ ಬಹುಪಾಲು ಕಿಡ್ನಿಗಾಗಿ ಕಾಯುವವರು. ಹಂದಿಯ ಅಂಗಗಳ ಗಾತ್ರ ನಮ್ಮವಕ್ಕೆ ಹತ್ತಿರ, ಅದು ಬೇಗ ಬೆಳೆಯುತ್ತದೆ, ಒಂದೇ ಸಲಕ್ಕೆ ಹೆಚ್ಚು ಮರಿ ಹಾಕುತ್ತದೆ. ಹಾಗಾಗಿ ವಿಜ್ಞಾನಿಗಳು ಅದನ್ನು ಆರಿಸಿಕೊಂಡರು.

ತೊಂದರೆ ಅಂದರೆ ಹಂದಿಯ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆಯ ಅಣು ಇರುತ್ತದೆ. ನಮ್ಮ ರಕ್ತದ ಪ್ರತಿಕಾಯಗಳು ಅದನ್ನು ಕಂಡ ತಕ್ಷಣ ದಾಳಿ ಮಾಡುತ್ತವೆ, ಅಂಗ ಬೇಗನೆ ಹಾಳಾಗುತ್ತದೆ. ಅದಕ್ಕೇ ಹಂದಿಯ ಜೀನ್‌ಗಳನ್ನು ತಿದ್ದುತ್ತಾರೆ. 2022ರ ಜನವರಿಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕಸಿ ಮಾಡಿದ ಹಂದಿಯ ಹೃದಯದಲ್ಲಿ 10 ಜೀನ್ ಬದಲಾವಣೆಗಳಿದ್ದವು. ಅದರಲ್ಲಿ 6 ಮನುಷ್ಯನ ಜೀನ್‌ಗಳನ್ನು ಸೇರಿಸಿದ್ದು. ಆ ರೋಗಿ ಎರಡು ತಿಂಗಳು ಬದುಕಿದರು. ಈ ಕಾರ್ಯಕ್ರಮದ ಹಿಂದಿನ ಮುಖ್ಯ ವಿಜ್ಞಾನಿ ಡಾ. ಮುಹಮ್ಮದ್ ಮೊಹಿಯುದ್ದೀನ್ ಕರಾಚಿಯ ಡೌ ಮೆಡಿಕಲ್ ಕಾಲೇಜಿನಲ್ಲಿ ಓದಿದ ಮುಸ್ಲಿಂ ವೈದ್ಯ. ಇದು ಹೊರಗಿನವರು ನಮ್ಮ ಮೇಲೆ ಹೇರುತ್ತಿರುವ ಪ್ರಶ್ನೆ ಅಂದುಕೊಂಡವರು ಇದನ್ನು ಗಮನಿಸಬೇಕು.

2024ರ ಮಾರ್ಚ್‌ನಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 62 ವರ್ಷದ ರೋಗಿಗೆ 69 ಬದಲಾವಣೆ ಮಾಡಿದ ಕಿಡ್ನಿ ಹಾಕಿದರು. ಅವರೂ ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅಲಬಾಮಾದ ಮಹಿಳೆಯೊಬ್ಬರಿಗೆ ಹಂದಿ ಕಿಡ್ನಿ ಸಿಕ್ಕಿತು. ಆಕೆ 1999ರಲ್ಲಿ ತನ್ನ ತಾಯಿಗೆ ಒಂದು ಕಿಡ್ನಿ ಕೊಟ್ಟಿದ್ದವರು, ಆಮೇಲೆ ಉಳಿದ ಒಂದು ಕಿಡ್ನಿಯೂ ಕೆಟ್ಟಿತ್ತು. ಹೊಸ ಕಿಡ್ನಿ 130 ದಿನ ಕೆಲಸ ಮಾಡಿತು, ನಂತರ ದೇಹ ಅದನ್ನು ತಿರಸ್ಕರಿಸಿದ್ದರಿಂದ ತೆಗೆಯಬೇಕಾಯಿತು, ಆಕೆ ಮತ್ತೆ ಡಯಾಲಿಸಿಸ್‌ಗೆ ಮರಳಿದರು. 2025ರ ಜನವರಿಯಲ್ಲಿ ಇನ್ನೊಬ್ಬರಿಗೆ ಹಾಕಿದ ಕಿಡ್ನಿ 271 ದಿನ ನಡೆಯಿತು.

ಈ ಲೆಕ್ಕ ನೆನಪಿರಲಿ. ಇವೆಲ್ಲ ತಿಂಗಳ ಲೆಕ್ಕ. ಮನುಷ್ಯರ ಕಿಡ್ನಿ ಚೆನ್ನಾಗಿ ಹೊಂದಿಕೊಂಡರೆ ಹತ್ತು ವರ್ಷಕ್ಕೂ ಜಾಸ್ತಿ ನಡೆಯುತ್ತದೆ. ಫತ್ವಾದ, ಅಂದರೆ ಧಾರ್ಮಿಕ ತೀರ್ಪಿನ, ವಿಷಯಕ್ಕೆ ಬಂದಾಗ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ನಿಷೇಧ ಇರುವಲ್ಲೇ ವಿನಾಯಿತಿಯೂ ಇದೆ

ಕುರ್‌ಆನ್ ನಾಲ್ಕು ಕಡೆ ಹಂದಿ ಮಾಂಸವನ್ನು ನಿಷೇಧಿಸುತ್ತದೆ: 2:173, 5:3, 6:145, 16:115. ಈ ನಾಲ್ಕೂ ಕಡೆ ಆ ನಿಷೇಧದ ಜೊತೆಗೇ ಒಂದು ಬಾಗಿಲು ತೆರೆದಿದೆ. ಆಸೆಯಿಂದಲ್ಲದೆ, ಮಿತಿ ಮೀರದೆ, ಬೇರೆ ದಾರಿಯಿಲ್ಲದೆ ತಿಂದವನ ಮೇಲೆ ಪಾಪವಿಲ್ಲ ಅನ್ನುವುದು ಅದರ ಸಾರ. ಇದನ್ನು ಯಾರೋ ಆಧುನಿಕರು ಹುಡುಕಿ ತಂದದ್ದಲ್ಲ, ನಿಷೇಧದ ಮಾತಿನೊಳಗೇ ಇರುವಂಥದ್ದು.

ಇದರಿಂದ ಫಿಕ್ಹ್ ಪಂಡಿತರು ಎರಡು ಸೂತ್ರ ಕಟ್ಟಿದರು. ಒಂದು, ಅನಿವಾರ್ಯತೆ ನಿಷಿದ್ಧವನ್ನು ಅನುಮತಿಸುತ್ತದೆ. ಎರಡು, ಆ ಅನುಮತಿ ಅನಿವಾರ್ಯತೆ ಇರುವಷ್ಟಕ್ಕೆ ಮಾತ್ರ. 1869ರಿಂದ 1876ರ ನಡುವೆ ಒಟ್ಟೋಮನ್ ಸರ್ಕಾರ ಸಿದ್ಧಪಡಿಸಿದ ಕಾನೂನು ಸಂಹಿತೆ ಮಜಲ್ಲದಲ್ಲಿ ಇವೆರಡೂ ಒಂದರ ಹಿಂದೆ ಒಂದು ಬರುತ್ತವೆ, 21 ಮತ್ತು 22ನೇ ಕಲಮುಗಳಾಗಿ. ಜನ ಸಾಮಾನ್ಯವಾಗಿ ಮೊದಲನೆಯದನ್ನು ಉಲ್ಲೇಖಿಸಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ.

ಇನ್ನೊಂದು ವಿಷಯ. ಕುರ್‌ಆನ್ ಮಾತಾಡುವುದು ತಿನ್ನುವುದರ ಬಗ್ಗೆ. ಕಿಡ್ನಿಯನ್ನು ಯಾರೂ ತಿನ್ನುತ್ತಿಲ್ಲ. ಹಾಗಾಗಿ ಇಲ್ಲಿ ಚರ್ಚೆ ಹೊಟ್ಟೆಯದ್ದಲ್ಲ, ನಜಸ್‌ನದ್ದು, ಅಂದರೆ ಅಶುದ್ಧಿಯದ್ದು. ಅಶುದ್ಧವಾದದ್ದನ್ನು ದೇಹದೊಳಗೆ ಇಟ್ಟುಕೊಂಡು ಒಬ್ಬ ವಿಶ್ವಾಸಿ ನಮಾಝ್‌ಗೆ ನಿಲ್ಲಬಹುದೇ? ಈ ವಿಷಯದಲ್ಲಿ ಮದ್‌ಹಬ್‌ಗಳ, ಅಂದರೆ ಫಿಕ್ಹ್‌ನ ಪಂಥಗಳ, ನಡುವೆಯೇ ಭಿನ್ನತೆ ಇದೆ. ಮಾಲಿಕಿಗಳ ಪ್ರಕಾರ ಬದುಕಿರುವ ಪ್ರತಿ ಪ್ರಾಣಿಯೂ ಶುದ್ಧ, ಹಂದಿಯೂ ಸೇರಿ. ಶಾಫಿಈಗಳ ಪ್ರಕಾರ ಅದು ಅತ್ಯಂತ ಗಂಭೀರ ನಜಸ್, ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಸೇರಿಸಿ. ಹಾಗಂತ ಮಾಲಿಕಿಗಳಿಗೂ ಇದು ಪೂರ್ತಿ ಸಲೀಸಲ್ಲ. ಬದುಕಿರುವ ಪ್ರಾಣಿಯಿಂದ ಕತ್ತರಿಸಿದ ಭಾಗ ಶವಕ್ಕೆ ಸಮಾನ ಅನ್ನುವ ಹದೀಸ್, ಅಂದರೆ ಪ್ರವಾದಿಯವರ ಮಾತು, ಅಬೂ ದಾವೂದ್ ಮತ್ತು ತಿರ್ಮಿದಿ ಎಂಬ ಹದೀಸ್ ಸಂಗ್ರಹಗಳಲ್ಲಿದೆ.

ಚಿನ್ನದ ಮೂಗು, ಮುರಿದ ಮೂಳೆ

ಅರ್ಫಜ ಇಬ್ನ್ ಅಸ್‌ಅದ್ ಅನ್ನುವ ಸಹಾಬಿಯ, ಅಂದರೆ ಪ್ರವಾದಿಯವರ ಒಡನಾಡಿಯ, ಪ್ರಸಂಗ ಈ ಚರ್ಚೆಯಲ್ಲಿ ಯಾವಾಗಲೂ ಬರುತ್ತದೆ. ಇಸ್ಲಾಂ ಬರುವುದಕ್ಕೆ ಮುಂಚೆ ಕುಲಾಬ್ ಎಂಬ ಯುದ್ಧದಲ್ಲಿ ಅವರ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು. ಅದು ಕೆಟ್ಟ ವಾಸನೆ ಬರತೊಡಗಿತು. ಆಗ ಪ್ರವಾದಿ ಮುಹಮ್ಮದ್(ಸ) ಚಿನ್ನದ ಮೂಗು ಹಾಕಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ಹರಾಂ ಅಲ್ವಾ? ಆದರೂ.

ಈ ಪ್ರಸಂಗದಲ್ಲಿ ನನಗೆ ಮುಖ್ಯ ಅನ್ನಿಸುವುದು ಅನುಮತಿಗಿಂತ ಅದರ ಕ್ರಮ. ಮೊದಲು ಬೆಳ್ಳಿ. ಅದು ನಡೆಯದಿದ್ದಾಗ ಚಿನ್ನ. ಮತ್ತೆ, ಅರ್ಫಜ ಸಾಯುತ್ತಿರಲಿಲ್ಲ. ಮೂಗಿಲ್ಲದೆ ಬದುಕಬಹುದಿತ್ತು, ಆದರೆ ಆ ಬದುಕು ನಾಲ್ಕು ಜನರ ಮುಂದೆ ಹೋಗಲಾಗದ ಬದುಕಾಗುತ್ತಿತ್ತು. ಅಂದರೆ ಜೀವ ಹೋಗುವ ಭಯ ಮಾತ್ರವೇ ಅಗತ್ಯ ಅಲ್ಲ, ಮನುಷ್ಯ ಘನತೆಯಿಂದ ಬದುಕುವುದೂ ಲೆಕ್ಕಕ್ಕೆ ಬರುತ್ತದೆ.

ಎರಡನೇ ಉದಾಹರಣೆ ಕಿಡ್ನಿಗೆ ಇನ್ನೂ ಹತ್ತಿರ. 13ನೇ ಶತಮಾನದ ಶಾಫಿಈ ವಿದ್ವಾಂಸ ಇಮಾಮ್ ನವವಿ ಒಂದು ಪ್ರಶ್ನೆ ಎತ್ತುತ್ತಾರೆ. ಮುರಿದ ಮೂಳೆಗೆ ನಜಸ್ ಆದ ಮೂಳೆ ಜೋಡಿಸಿದರೆ? ಅವರ ಉತ್ತರ ಚುಟುಕು. ಶುದ್ಧವಾದದ್ದು ಸಿಗದೆ ಹಾಗೆ ಮಾಡಿದ್ದರೆ ಅವನಿಗೆ ಕ್ಷಮೆ ಇದೆ. ಶುದ್ಧವಾದದ್ದು ಸಿಗುತ್ತಿದ್ದರೂ ಮಾಡಿದ್ದರೆ ತೆಗೆಯಬೇಕು, ಆದರೆ ತೆಗೆಯುವುದರಿಂದ ಸ್ಪಷ್ಟ ಹಾನಿಯ ಭಯ ಇರಬಾರದು. ಹಾಗೆ ತೆಗೆಯದೆಯೇ ಸತ್ತರೆ? ಆಗ ಅದನ್ನು ಕಿತ್ತು ತೆಗೆಯಬಾರದು.

ಈ ಕೊನೆಯ ವಾಕ್ಯದ ಬೆಲೆ ಎಷ್ಟು ಅಂತ ಇವತ್ತಿನ ಕುಟುಂಬಗಳಿಗೆ ಗೊತ್ತಾಗಬೇಕು. ಚಿಕಿತ್ಸೆಯಲ್ಲಿ ಹಾಕಿದ ಹಂದಿಯ ಕವಾಟ ಹೃದಯದಲ್ಲಿದ್ದರೆ ಅಬ್ಬನ (ತಂದೆಯ) ನಮಾಝ್ ಸಲ್ಲುತ್ತದಾ, ಮಯ್ಯತ್ (ಶವ) ಸ್ನಾನ ಹೇಗೆ, ಮುಸ್ಲಿಮರ ಕಬರಸ್ತಾನದಲ್ಲಿ ದಫನ ಮಾಡಬಹುದಾ ಅಂತ ಜನ ನಿಜವಾಗಿಯೂ ಹೆದರುತ್ತಾರೆ. ನವವಿಯವರ ಮಾತಿನಂತೆ ನೋಡಿದರೆ ಬೇರೆ ದಾರಿಯಿಲ್ಲದೆ ಹಾಕಿಸಿಕೊಂಡವನಿಗೆ ಕ್ಷಮೆ ಇದೆ, ಅವನ ನಮಾಝ್ ನಮಾಝೇ. ತಪ್ಪಾಗಿ ಹಾಕಿಸಿಕೊಂಡವನ ಶವವನ್ನೇ ಕೆದಕಬಾರದು ಅಂದಮೇಲೆ ಅನಿವಾರ್ಯವಾಗಿ ಹಾಕಿಸಿಕೊಂಡವನ ಬಗ್ಗೆ ಕೇಳುವುದೇ ಬೇಡ.

ಒಂದೇ ವಾಕ್ಯದಲ್ಲಿ ಮನುಷ್ಯ ಮತ್ತು ಹಂದಿ

ಭಾರತ ಉಪಖಂಡದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ ದಾರಿ ಇನ್ನೂ ಇಕ್ಕಟ್ಟು. ಇಮಾಮ್ ಅಬೂ ಹನೀಫರ ಶಿಷ್ಯ ಇಮಾಮ್ ಮುಹಮ್ಮದ್ ಅಶ್ಶೈಬಾನಿಯವರ ಒಂದು ಮಾತು ಔರಂಗಜೇಬನ ಕಾಲದ ಫತ್ವಾ ಸಂಗ್ರಹ ಫತಾವಾ ಆಲಂಗೀರಿಯಲ್ಲೂ ದಾಖಲಾಗಿದೆ. ಕುರಿ, ಹಸು, ಒಂಟೆ, ಕುದುರೆ ಅಥವಾ ಬೇರೆ ಪ್ರಾಣಿಯ ಮೂಳೆಯಿಂದ ಚಿಕಿತ್ಸೆ ಮಾಡಿದರೆ ತೊಂದರೆಯಿಲ್ಲ, ಎರಡನ್ನು ಬಿಟ್ಟು: ಹಂದಿಯ ಮೂಳೆ ಮತ್ತು ಮನುಷ್ಯನ ಮೂಳೆ.

ಒಂದೇ ವಾಕ್ಯ, ಎರಡು ನಿಷೇಧ, ಕಾರಣ ಮಾತ್ರ ಪೂರ್ತಿ ಉಲ್ಟಾ. ಹಂದಿ ಬೇಡ, ಯಾಕಂದ್ರೆ ಅದು ಅಶುದ್ಧ. ಮನುಷ್ಯ ಬೇಡ, ಯಾಕಂದ್ರೆ ಅವನಿಗೆ ಗೌರವ ಇದೆ. ಆದಮನ ಸಂತತಿಯನ್ನು ನಾವು ಗೌರವಿಸಿದ್ದೇವೆ ಅಂತ ಕುರ್‌ಆನ್ 17:70 ಹೇಳುತ್ತದೆ. ಸತ್ತವನ ಮೂಳೆ ಮುರಿಯುವುದು ಬದುಕಿರುವಾಗ ಮುರಿದಂತೆಯೇ ಅನ್ನುವ ಹದೀಸ್ ಇದೆ. ದೇಹ ನಮ್ಮದಲ್ಲ, ಅಲ್ಲಾಹನು ನಂಬಿ ಕೊಟ್ಟ ಅಮಾನತ್ತು (ಒಪ್ಪಿಸಿದ ಆಸ್ತಿ), ಅದನ್ನು ಬಿಡಿಭಾಗ ಮಾಡಿ ಹಂಚುವ ಅಧಿಕಾರ ನಮಗಿಲ್ಲ ಅನ್ನುವುದು ಈ ಪಕ್ಷದ ವಾದ. ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫೀ ಅವರಂಥ ದೊಡ್ಡ ವಿದ್ವಾಂಸರು ಮನುಷ್ಯರ ಅಂಗ ಕಸಿಯನ್ನು ಒಪ್ಪದೇ ಇದ್ದದ್ದು ಇಂಥ ಕಾರಣಗಳಿಗೇ. ಅವರನ್ನು ಹಳೇಕಾಲದವರು ಅಂತ ತಳ್ಳಿಹಾಕುವುದು ಅನ್ಯಾಯ. ಬಡವರ ಕಿಡ್ನಿ ಮಾರಾಟದ ಸರಕಾದದ್ದನ್ನು ನೋಡಿದ ಮೇಲೆ ಆ ಭಯದಲ್ಲಿ ಹುರುಳಿಲ್ಲ ಅನ್ನಲಾಗುವುದಿಲ್ಲ.

ಆದರೆ ಇದರ ಪರಿಣಾಮ ನೋಡಿ. ರೋಗಿಯೊಬ್ಬನಿಗೆ ಎರಡೇ ಬಾಗಿಲು ಅಂದುಕೊಳ್ಳಿ, ಮನುಷ್ಯನ ಕಿಡ್ನಿ ಅಥವಾ ಹಂದಿಯ ಕಿಡ್ನಿ. ಮನುಷ್ಯನ ಕಿಡ್ನಿ ಸಲ್ಲುತ್ತದೆ ಅನ್ನುವವರಿಗೆ ಮೊದಲ ಬಾಗಿಲೇ ಮೊದಲು, ಹಂದಿ ಕೊನೆಗೆ. ಮನುಷ್ಯನ ಅಂಗ ಸಲ್ಲುವುದೇ ಇಲ್ಲ ಅನ್ನುವವರಿಗೆ ಆ ಬಾಗಿಲು ಮುಚ್ಚಿದೆ, ಆದ್ದರಿಂದ ಅವರ ತರ್ಕದಲ್ಲಿ ಹಂದಿಯ ಕಿಡ್ನಿ ಬೇಗ ಅನಿವಾರ್ಯವಾಗುತ್ತದೆ. ಕಟ್ಟುನಿಟ್ಟಿನ ಪಕ್ಷವೇ ಹಂದಿಯ ಕಡೆಗೆ ಮೊದಲು ತಲುಪುತ್ತದೆ. ಇದನ್ನು ಈ ಚರ್ಚೆಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಫಿಕ್ಹ್ ಅಕಾಡೆಮಿಗಳು ಹೇಳಿದ್ದು

20ನೇ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಗಳನ್ನು ಒಬ್ಬೊಬ್ಬ ಮುಫ್ತಿಗೆ ಬಿಡದೆ, ವಿದ್ವಾಂಸರು ಮತ್ತು ವೈದ್ಯರು ಒಟ್ಟಿಗೆ ಕೂತು ನೋಡತೊಡಗಿದರು. 1985ರಲ್ಲಿ ಮಕ್ಕಾದ ಫಿಕ್ಹ್ ಅಕಾಡೆಮಿ ತೆಗೆದುಕೊಂಡ ನಿರ್ಣಯ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ತಿನ್ನಲು ಸಲ್ಲುವ, ಶರೀಅತ್ ಪ್ರಕಾರ ಕೊಯ್ದ ಪ್ರಾಣಿಯ ಅಂಗವನ್ನು ಬಳಸಬಹುದು. ಬೇರೆ ಪ್ರಾಣಿಯದ್ದಾದರೆ ಅನಿವಾರ್ಯ ಸ್ಥಿತಿಯಲ್ಲಿ ಮಾತ್ರ. ಅಂದರೆ ಅಮೆರಿಕದಲ್ಲಿ ಜೀನ್ ತಿದ್ದಿದ ಹಂದಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ದಾರಿಯ ನಕ್ಷೆ ಸಿದ್ಧವಾಗಿತ್ತು.

1989ರಲ್ಲಿ ದೆಹಲಿಯಲ್ಲಿ ನಡೆದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇಂಡಿಯಾದ ಮೊದಲ ಸೆಮಿನಾರ್ ಇನ್ನಷ್ಟು ಬಿಡಿಸಿ ಹೇಳಿತು. ಜೀವ ಅಥವಾ ಅಂಗ ಹೋಗುವ ಗಂಭೀರ ಅಪಾಯ ಇದ್ದು ಬೇರೆ ಬದಲಿ ಇಲ್ಲದಿದ್ದರೆ ಹರಾಂ ಪ್ರಾಣಿಯ ಭಾಗ ಬಳಸಬಹುದು, ಅಂಥ ಅಪಾಯ ಇಲ್ಲದಿದ್ದರೆ ಹಂದಿಯ ಭಾಗ ಬಳಸುವ ಹಾಗಿಲ್ಲ.

ಮನುಷ್ಯರ ಅಂಗದ ವಿಷಯದಲ್ಲಿ 1988ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ದಾನಕ್ಕೆ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟಿತು, ಮಾರಾಟವನ್ನು ತಡೆಯಿತು. ಸತ್ತವರ ಅಂಗದಾನಕ್ಕೂ ಅನುಮತಿ ಇದೆ. ಆದರೆ ಸಾವು ಯಾವಾಗ ಅನ್ನುವಲ್ಲಿ ಒಡಕು ಉಳಿಯಿತು. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಇದೇ ಅಕಾಡೆಮಿ ಮೆದುಳಿನ ಎಲ್ಲ ಕೆಲಸ ಮರಳಿ ಬಾರದಂತೆ ನಿಂತರೆ ಅದೂ ಸಾವು ಅಂದಿತು. ಮಕ್ಕಾದ ಅಕಾಡೆಮಿ 1987ರಲ್ಲಿ ಇದನ್ನು ಪೂರ್ತಿ ಒಪ್ಪಲಿಲ್ಲ. ವೆಂಟಿಲೇಟರ್ ತೆಗೆಯಬಹುದು, ಆದರೆ ಹೃದಯ ಮತ್ತು ಉಸಿರು ನಿಂತ ಮೇಲೆಯೇ ಸಾವು ಅನ್ನುವುದು ಅದರ ನಿಲುವು. ಸತ್ತವರಿಂದ ಸಿಗುವ ಅಂಗಗಳಲ್ಲಿ ಬಹುಪಾಲು ಮೆದುಳು ನಿಷ್ಕ್ರಿಯವಾದವರಿಂದಲೇ ಬರುವುದು, ಹಾಗಾಗಿ ಈ ಒಡಕು ಸಣ್ಣದಲ್ಲ.

ಡಯಾಲಿಸಿಸ್ ಇರುವಾಗ ಅನಿವಾರ್ಯ ಅನ್ನಬಹುದಾ?

ಈಗ ನಿಜವಾದ ಕಗ್ಗಂಟಿಗೆ ಬರೋಣ. ಹೃದಯ ಕೆಟ್ಟವನಿಗೆ ಹೆಚ್ಚು ಕಾಲ ಇಲ್ಲ, ಅಲ್ಲಿ ಅನಿವಾರ್ಯತೆ ತೋರಿಸುವುದು ಸುಲಭ. ಕಿಡ್ನಿ ಹಾಗಲ್ಲ. ಡಯಾಲಿಸಿಸ್ ಇದೆ. ಇದ್ದಮೇಲೆ ಬೇರೆ ದಾರಿಯಿಲ್ಲ ಅನ್ನುವುದು ಹೇಗೆ ಅಂತ ಎಚ್ಚರದ ಪಕ್ಷದ ಉಲಮಾಗಳು (ವಿದ್ವಾಂಸರು) ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಇದಕ್ಕೆ ಇನ್ನೊಂದು ಪಕ್ಷದ ಉತ್ತರವೂ ಗಟ್ಟಿ ಇದೆ. ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವುದು. ಕುಡಿಯುವ ನೀರಿಗೂ ಲೆಕ್ಕ. ಕೆಲಸ ಹೋಗುತ್ತದೆ, ಪ್ರಯಾಣ ಹೋಗುತ್ತದೆ, ರಮಝಾನ್ ಉಪವಾಸ ಅನೇಕರಿಗೆ ಸಾಧ್ಯವಾಗುವುದಿಲ್ಲ. ವರ್ಷಗಳು ಕಳೆದಂತೆ ಸೂಜಿ ಚುಚ್ಚಲು ರಕ್ತನಾಳವೂ ಸಿಗದ ಸ್ಥಿತಿ ಕೆಲವರಿಗೆ ಬರುತ್ತದೆ, ಆಗ ಡಯಾಲಿಸಿಸ್ ಅನ್ನುವ ಬದಲಿಯೇ ಇಲ್ಲದಂತಾಗುತ್ತದೆ. ಫಿಕ್ಹ್‌ನಲ್ಲಿ ತೀವ್ರ ಅಗತ್ಯವನ್ನು ಅನಿವಾರ್ಯತೆಯ ಸ್ಥಾನಕ್ಕೆ ಏರಿಸಬಹುದು ಅನ್ನುವ ಸೂತ್ರವೂ ಇದೆ. ಅರ್ಫಜರ ಮೂಗು ಇಲ್ಲಿ ಮತ್ತೆ ಸಾಕ್ಷಿ.

ಇದರ ನಡುವೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಡಯಾಲಿಸಿಸ್ ವೇಳೆ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧಿ ಕೊಡುತ್ತಾರೆ. ಜಗತ್ತಿನಲ್ಲಿ ಬಳಸುವ ಹೆಪಾರಿನ್‌ನಲ್ಲಿ ಹೆಚ್ಚಿನದ್ದು ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಹೃದಯದ ಕವಾಟಗಳಲ್ಲಿ ಕೆಲವು ಹಂದಿಯವು. 1980ರ ದಶಕದಲ್ಲಿ ಮಾನವ ಇನ್ಸುಲಿನ್ ಬರುವವರೆಗೆ ಸಕ್ಕರೆ ಕಾಯಿಲೆಯವರು ಹಂದಿ ಮತ್ತು ಹಸುವಿನ ಇನ್ಸುಲಿನ್ ಮೇಲೆಯೇ ಬದುಕಿದ್ದರು. ಹಂದಿ ಕಿಡ್ನಿ ಬೇಡ, ಡಯಾಲಿಸಿಸ್ ಸಾಕು ಅನ್ನುವವರ ದೇಹದೊಳಗೆ ಹಂದಿಯಿಂದ ಬಂದದ್ದು ಈಗಾಗಲೇ ಹರಿಯುತ್ತಿರಬಹುದು. ಇದು ಅವರನ್ನು ಹೀಗಳೆಯಲು ಹೇಳಿದ್ದಲ್ಲ. ನಾವು ಈ ಗೆರೆಯನ್ನು ಆಗಲೇ ದಾಟಿದ್ದೇವೆ, ಅದೂ ಸರಿಯಾದ ಕಾರಣಕ್ಕೇ ದಾಟಿದ್ದೇವೆ ಅಂತ ತಿಳಿದು ಮಾತಾಡಬೇಕು, ಅಷ್ಟೇ.

ಹಾಗಾಗಿ ಇಲ್ಲಿ ಒಬ್ಬೊಬ್ಬ ರೋಗಿಗೂ ಉತ್ತರ ಬೇರೆಯಾಗುತ್ತದೆ. ಅಣ್ಣನೋ ತಂಗಿಯೋ ಕೊಡಲು ಸಿದ್ಧವಿರುವವನಿಗೆ ಒಂದು. ಪ್ರತಿಕಾಯಗಳು ಜಾಸ್ತಿ ಇದ್ದು ಯಾರ ಕಿಡ್ನಿಯೂ ಹೊಂದದ ರೋಗಿಗೆ ಇನ್ನೊಂದು. ಎಲ್ಲರಿಗೂ ಒಂದೇ ಫತ್ವಾ ಬೇಕು ಅನ್ನುವ ಹಟವೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಚಿಕಿತ್ಸೆ ಬೇರೆ, ಪ್ರಯೋಗ ಬೇರೆ

ನಿಷಿದ್ಧ ವಸ್ತುವಿನ ಚಿಕಿತ್ಸೆಗೆ ಫಿಕ್ಹ್ ಪಂಡಿತರು ಹಾಕುವ ಷರತ್ತುಗಳಲ್ಲಿ ಒಂದು, ಅದರಿಂದ ಗುಣವಾಗುತ್ತದೆ ಅನ್ನುವ ಬಲವಾದ ಭರವಸೆ ಇರಬೇಕು, ಅದನ್ನು ಬಲ್ಲ ವೈದ್ಯರು ಹೇಳಿರಬೇಕು. ಹಸಿದವನು ಹಂದಿ ಮಾಂಸ ತಿಂದರೆ ಹಸಿವು ಹೋಗುವುದು ಖಚಿತ. 130 ದಿನ, 271 ದಿನ ನಡೆದ ಕಿಡ್ನಿಯ ಬಗ್ಗೆ ಆ ಖಚಿತತೆ ಇಲ್ಲ.

ಅಂದರೆ ಇವತ್ತು ಟ್ರಯಲ್‌ಗೆ ಸೇರುವ ಮುಸ್ಲಿಂ ರೋಗಿ ಹಂದಿಯ ಪ್ರಶ್ನೆಯ ಜೊತೆ ಇನ್ನೊಂದನ್ನೂ ಕೇಳಿಕೊಳ್ಳಬೇಕು. ನಿಮ್ಮ ಕೈಯಾರೆ ನಿಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬೇಡಿ ಅಂತ ಕುರ್‌ಆನ್ 2:195 ಹೇಳುತ್ತದೆ. ಅದೇ ವೇಳೆ ಒಂದು ಜೀವ ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಅಂತ 5:32 ಹೇಳುತ್ತದೆ. ಪ್ರಯೋಗದಿಂದ ನಾಳೆ ಲಕ್ಷಾಂತರ ಜನಕ್ಕೆ ದಾರಿ ಆಗಬಹುದು, ಇವತ್ತಿನ ರೋಗಿಗೆ ಅಪಾಯ ಆಗಬಹುದು. 2022ರ ಹೃದಯದಲ್ಲಿ ಹಂದಿಯ ವೈರಸ್ ಒಂದು ಆಮೇಲೆ ಪತ್ತೆಯಾದದ್ದನ್ನು ಮರೆಯುವ ಹಾಗಿಲ್ಲ. ಈ ತೂಕ ಹಾಕುವಾಗ ಪೂರ್ತಿ ಮಾಹಿತಿ, ಒತ್ತಾಯವಿಲ್ಲದ ಒಪ್ಪಿಗೆ ಎರಡೂ ಇರಬೇಕು. ಇದು ವೈದ್ಯಕೀಯ ನೀತಿಯೂ ಹೌದು, ದೇಹ ಅಮಾನತ್ತು ಅನ್ನುವ ನಂಬಿಕೆಯ ಬೇಡಿಕೆಯೂ ಹೌದು.

ಜೀನ್ ತಿದ್ದಿದ ಮೇಲೆ ಅದು ಹಂದಿಯೇ ಅಲ್ಲವಂತೆ

ಕೆಲವರು ಇನ್ನೊಂದು ವಾದ ತರುತ್ತಾರೆ. ವಸ್ತುವಿನ ಸ್ವರೂಪವೇ ಬದಲಾದರೆ ಅದರ ವಿಧಿಯೂ ಬದಲಾಗುತ್ತದೆ, ಹೆಂಡ ತಾನಾಗಿ ವಿನೆಗರ್ ಆದರೆ ಹಲಾಲ್ ಆಗುವ ಹಾಗೆ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ವಿಷಯದಲ್ಲಿ ಈ ವಾದವನ್ನು ಒಪ್ಪುವ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಕಿಡ್ನಿಗೆ ಇದು ಅನ್ವಯಿಸುವುದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. 69 ಕಡೆ ತಿದ್ದಿದರೂ ಅದು ಹಂದಿಯ ಹೊಟ್ಟೆಯಲ್ಲಿ ಬೆಳೆದ ಹಂದಿಯ ಅಂಗವೇ. ಅನಿವಾರ್ಯತೆಯ ನೇರ ದಾರಿ ಇರುವಾಗ ಇಂಥ ಅಡ್ಡದಾರಿ ಯಾಕೆ? ಸುಮ್ನೆ ಜನರ ಅನುಮಾನ ಜಾಸ್ತಿಯಾಗುತ್ತದೆ.

ಬೇಡ ಅನ್ನುವುದೂ ಈಮಾನ್‌ನ (ನಂಬಿಕೆಯ) ಒಳಗೇ ಇದೆ

ಅನುಮತಿ ಇದೆ ಅಂದಾಕ್ಷಣ ಕಡ್ಡಾಯ ಅಂತ ಅಲ್ಲ. ಚಿಕಿತ್ಸೆ ಪಡೆಯಿರಿ, ಮುದಿತನ ಬಿಟ್ಟು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲ ಅಂತ ಪ್ರವಾದಿ(ಸ) ಹೇಳಿದ್ದು ನಿಜ. ಮೂರ್ಛೆ ರೋಗದ ಮಹಿಳೆಯೊಬ್ಬರು ಗುಣವಾಗಲು ಪ್ರಾರ್ಥಿಸಿ ಅಂತ ಪ್ರವಾದಿ(ಸ)ರ ಬಳಿ ಬಂದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಸಹನೆ ಆರಿಸಿಕೊಂಡರೆ ನಿನಗೆ ಸ್ವರ್ಗ, ಬೇಕಾದರೆ ಪ್ರಾರ್ಥಿಸುತ್ತೇನೆ ಅಂತ ಅವರಿಗೇ ಬಿಟ್ಟರು. ಆಕೆ ಸಹನೆ ಆರಿಸಿಕೊಂಡರು. ರೋಗ ಬಂದಾಗ ದೇಹ ಬಹಿರಂಗವಾಗದಂತೆ ಪ್ರಾರ್ಥಿಸಿ ಅಂತ ಮಾತ್ರ ಕೇಳಿಕೊಂಡರು. ಆ ಪ್ರಾರ್ಥನೆ ಪ್ರವಾದಿ(ಸ) ಮಾಡಿದರು.

ಹೀಗಾಗಿ ಒಬ್ಬ ರೋಗಿ ಹಂದಿಯ ಕಿಡ್ನಿ ಬೇಡ ಅಂದರೆ ಅವನು ಮೂಢ ಅಲ್ಲ. ಒಪ್ಪಿದವನು ಈಮಾನ್ ಕಳೆದುಕೊಂಡವನೂ ಅಲ್ಲ. ಬದುಕನ್ನು ಅರ್ಥಪೂರ್ಣವಾಗಿ ಮುಗಿಸುವುದು ಹೇಗೆ ಅನ್ನುವ ಪ್ರಶ್ನೆಗೆ ಇಬ್ಬರೂ ಒಂದೇ ನಂಬಿಕೆಯೊಳಗಿಂದ ಬೇರೆ ಬೇರೆ ಉತ್ತರ ಕೊಡುತ್ತಿದ್ದಾರೆ. ಮನೆಯವರು, ಮಸೀದಿಯವರು ಇಲ್ಲಿ ಒತ್ತಡ ಹಾಕುವುದು ನನ್ನ ಪ್ರಕಾರ ದೊಡ್ಡ ತಪ್ಪು, ಯಾವ ಕಡೆಗೆ ಹಾಕಿದರೂ.

ಮುಂದೆ ಏನಾಗಬಹುದು

ಟ್ರಯಲ್‌ಗಳು ಸೋತರೆ ಚರ್ಚೆ ಇದ್ದಲ್ಲೇ ನಿಲ್ಲುತ್ತದೆ. ಗುಣವಾಗುವ ಭರವಸೆಯ ಷರತ್ತು ಪೂರೈಸದೆ ಅನುಮತಿಯ ಬಾಗಿಲು ಅರ್ಧ ಮುಚ್ಚಿಯೇ ಇರುತ್ತದೆ.

ಗೆದ್ದರೆ ಹಲವು ಬದಲಾವಣೆ ಆಗುತ್ತವೆ. ಮೊದಲನೆಯದು, ಹಂದಿ ಕಿಡ್ನಿ ವರ್ಷಗಟ್ಟಲೆ ನಡೆದರೆ ಭರವಸೆಯ ಷರತ್ತು ಪೂರೈಸಿದಂತಾಯಿತು. ಆಗ ಉಳಿಯುವುದು ಬೇರೆ ಬದಲಿ ಇದೆಯೇ ಅನ್ನುವ ಷರತ್ತು ಮಾತ್ರ. ಎರಡನೆಯದು, ಈ ಅಂಗಗಳನ್ನು ತಯಾರಿಸುವುದು ಕಂಪನಿಗಳು. ಹಂದಿಯ ಮಾರಾಟವನ್ನೇ ಪ್ರವಾದಿ(ಸ) ನಿಷೇಧಿಸಿದ ಹದೀಸ್ ಇದೆ. ಕೊಳ್ಳುವ ರೋಗಿಗೆ ಅನಿವಾರ್ಯತೆಯ ವಿನಾಯಿತಿ ಸಿಗಬಹುದು. ಮುಸ್ಲಿಂ ದೇಶವೊಂದು ಇದನ್ನು ಆಮದು ಮಾಡಿಕೊಳ್ಳುವಾಗ, ಮುಸ್ಲಿಂ ಹೂಡಿಕೆದಾರ ಇಂಥ ಕಂಪನಿಗೆ ಹಣ ಹಾಕುವಾಗ ಆ ವಿನಾಯಿತಿ ಎಷ್ಟು ದೂರ ಬರುತ್ತದೆ? ಇದು ರೋಗಿಯ ಪ್ರಶ್ನೆಗಿಂತ ಕಷ್ಟದ್ದು. ಅಂಗಕ್ಕಾಗಿಯೇ ಮುಚ್ಚಿದ ಕೋಣೆಗಳಲ್ಲಿ ಬೆಳೆಸುವ ಪ್ರಾಣಿಗಳ ನೋವೂ ಲೆಕ್ಕಕ್ಕೆ ಬರಬೇಕು. ಬೆಕ್ಕನ್ನು ಕೂಡಿಹಾಕಿ ಸಾಯಿಸಿದವಳಿಗೆ ಶಿಕ್ಷೆ ಅಂದ ಧರ್ಮದಲ್ಲಿ ಅದನ್ನು ಬಿಟ್ಟು ಮಾತಾಡಲಾಗದು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. 1989ರ ನಿರ್ಣಯದ ಷರತ್ತು ಓದಿ: ಬೇರೆ ಬದಲಿ ಇಲ್ಲದಿದ್ದರೆ. ಮನುಷ್ಯರ ಕಿಡ್ನಿ ಸಲ್ಲುತ್ತದೆ ಅಂತ ಒಪ್ಪಿದ ಸಮುದಾಯಕ್ಕೆ ಆ ಬದಲಿ ಎಲ್ಲಿಂದ ಬರಬೇಕು? ಅದೇ ಸಮುದಾಯದಿಂದ ಮತ್ತು ನೆರೆಯವರಿಂದ. ಕೊಡುವವರು ಕಡಿಮೆಯಾದಷ್ಟೂ ಅನಿವಾರ್ಯತೆ ಜಾಸ್ತಿಯಾಗುತ್ತದೆ. ಅಂದರೆ ಹಂದಿ ಕಿಡ್ನಿ ಅನಿವಾರ್ಯವೇ ಅನ್ನುವುದು ಬರೀ ವೈದ್ಯರ ವರದಿಯ ಮೇಲೆ ನಿಂತಿಲ್ಲ, ಬದುಕಿರುವಾಗ ತಮ್ಮವರಿಗೆ ಕೊಡಲು, ಸತ್ತ ಮೇಲೆ ಅಪರಿಚಿತರಿಗೆ ಕೊಡಲು ಎಷ್ಟು ಜನ ಮುಂದೆ ಬರುತ್ತಾರೆ ಅನ್ನುವುದರ ಮೇಲೂ ನಿಂತಿದೆ. ಪಡೆಯುವುದು ಸಲ್ಲುತ್ತದೆ, ಕೊಡುವುದು ಸಲ್ಲುವುದಿಲ್ಲ ಅನ್ನುವ ನಿಲುವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ದಾನಿಗಳ ಪಟ್ಟಿಯಿಂದ ದೂರ ಉಳಿದರೆ ಅದೇ ನಿಲುವು ಆಗಿಬಿಡುತ್ತದೆ.

ಆದ್ದರಿಂದ ಫಿಕ್ಹ್ ಅಕಾಡೆಮಿಗಳ ಮುಂದಿನ ಕೆಲಸ ಹಂದಿಯ ಬಗ್ಗೆ ಇನ್ನೊಂದು ಫತ್ವಾ ಬರೆಯುವುದಕ್ಕಿಂತ, 1986 ಮತ್ತು 1987ರ ನಿರ್ಣಯಗಳ ನಡುವೆ ಉಳಿದುಹೋದ ಮೆದುಳು ಸಾವಿನ ಪ್ರಶ್ನೆಯನ್ನು ಇಂದಿನ ವೈದ್ಯಕೀಯ ತಿಳಿವಳಿಕೆಯೊಂದಿಗೆ ಮತ್ತೆ ಕೈಗೆತ್ತಿಕೊಳ್ಳುವುದು. ಐಸಿಯು ಹೊರಗೆ ನಿಂತ ಕುಟುಂಬಕ್ಕೆ ಅಂಗದಾನ ಸಲ್ಲುತ್ತದೆ ಅಂತ ಗೊತ್ತಿದ್ದರೂ ಉಸಿರಾಡುತ್ತಿರುವಂತೆ ಕಾಣುವ ಮಗ ಸತ್ತಿದ್ದಾನೋ ಇಲ್ಲವೋ ಅಂತ ಸ್ಪಷ್ಟವಾಗದಿದ್ದರೆ ಅವರು ಸಹಿ ಹಾಕುವುದಿಲ್ಲ, ಹಾಕಬೇಕು ಅಂತ ನಿರೀಕ್ಷಿಸುವುದೂ ಸರಿಯಲ್ಲ.